ಕಳಚಿಡುವ ಚಾವಣಿಯ ಕಾರುಗಳು ಹಿಂದೆ ಸರಿದದ್ದೇಕೆ?

ಭಟ್ಕಳ ತಾಲೂಕಿನ ತೆಂಗಿನಗುಂಡಿ ಒಂದು ಮೀನುಗಾರಿಕಾ ಬಂದರು. ಇಲ್ಲಿಯ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮೂರು ಮೀಟರಿಗೂ ಹೆಚ್ಚು ಮಳೆ. ಕರಾವಳಿಯ ಮನೆಗಳ ಅಂಗಳದಲ್ಲಿ ಬೇಸಿಗೆಗೆ ಮಡಲಿನ ಚಪ್ಪರ ಹಾಕುವ ರೂಢಿಯನ್ನು ನೀವು ನೋಡಿರಬಹುದು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಆ ಚಪ್ಪರವನ್ನು ಬಿಚ್ಚಿಬಿಡುತ್ತಾರೆ. ಅದು ನೆರಳಿಗೆ ಇರುವ ಸೂರು, ಮಳೆಗೆ ಇರುವ ಸೂರಲ್ಲ. ಹೆಂಚಿನ ಮಾಡನ್ನು ಮಾತ್ರ ಯಾರೂ ಕಳಚಿಡುವುದಿಲ್ಲ. ಅದರ ಪಕಾಸಿ, ತೊಲೆಗಳು ಗೋಡೆಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸಿರುತ್ತವೆ.

ಕಾರು ತಯಾರಿಸುವವರು ಒಂದು ಕಾಲದಲ್ಲಿ ಈ ಎರಡು ಸೂರುಗಳನ್ನೂ ಒಂದೇ ಮಾಡಲು ಹೊರಟಿದ್ದರು. ಬಿಸಿಲು, ಗಾಳಿ ಬೇಕೆನಿಸಿದಾಗ ಚಾವಣಿಯ ತುಂಡನ್ನು ಎತ್ತಿ ಡಿಕ್ಕಿಯಲ್ಲಿಡುವುದು, ಮಳೆ ಬಂದರೆ ಮತ್ತೆ ಕೂರಿಸುವುದು. 1960ರ ದಶಕದ ನಡುವಿನಿಂದ ಸುಮಾರು 35 ವರ್ಷ ಇಂತಹ ಕಾರುಗಳಿಗೆ ಯೂರೋಪು, ಅಮೆರಿಕ, ಜಪಾನುಗಳಲ್ಲಿ ಒಳ್ಳೆಯ ಬೇಡಿಕೆಯಿತ್ತು. ಈಗ ಅವು ಬೆರಳೆಣಿಕೆಯಷ್ಟು ಉಳಿದಿವೆ. ಸೋರಿಕೆ, ಹವಾನಿಯಂತ್ರಣ, ಕಾನೂನು ಎಂದು ಇದಕ್ಕೆ ಹಲವು ಕಾರಣಗಳನ್ನು ಹೇಳುವುದುಂಟು. ಅವೆಲ್ಲ ನಿಜವೇ. ಆದರೆ ಬಹುಪಾಲು ಕಾರಣಗಳ ಬೇರು ಒಂದೇ: ಕಾರಿನ ಚಾವಣಿ ಬರಿಯ ಮುಚ್ಚಳವಲ್ಲ, ಅದು ಕಾರಿನ ತೊಲೆಯೂ ಹೌದು.

ಮೊದಲು ಚಾವಣಿಯೇ ಇರಲಿಲ್ಲ

ಆರಂಭದ ಕಾರುಗಳು ಕುದುರೆಗಾಡಿಯ ಮಾದರಿಯವು. ಮರದ ಚೌಕಟ್ಟು, ಮೇಲೆ ಮಡಿಸಬಹುದಾದ ಬಟ್ಟೆಯ ಹುಡ್. ಅಮೆರಿಕದಲ್ಲಿ 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ಗಟ್ಟಿ ಚಾವಣಿಯ, ನಾಲ್ಕೂ ಕಡೆ ಮುಚ್ಚಿದ ಕಾರುಗಳ ಪಾಲು ಶೇಕಡಾ 10ರ ಆಸುಪಾಸಿನಲ್ಲಿತ್ತು. 1927ರ ಹೊತ್ತಿಗೆ ಅದು ಶೇಕಡಾ 85ಕ್ಕೆ ಏರಿತು. ಕೇವಲ ಎಂಟು ವರ್ಷಗಳಲ್ಲಿ ತೆರೆದ ಕಾರು ಸಾಮಾನ್ಯರ ವಾಹನವಾಗಿ ಉಳಿಯಲಿಲ್ಲ.

ಆದರೂ ಆ ಮುಚ್ಚಿದ ಕಾರುಗಳ ನೆತ್ತಿ ಪೂರ್ತಿ ಉಕ್ಕಿನದಾಗಿರಲಿಲ್ಲ. ಚಾವಣಿಯಷ್ಟು ಅಗಲದ ಉಕ್ಕಿನ ತಗಡನ್ನು ಒಂದೇ ತುಂಡಾಗಿ ಉರುಳಿಸುವ ಗಿರಣಿಗಳು ಆಗಿನ್ನೂ ಬಂದಿರಲಿಲ್ಲ. ನೆತ್ತಿಯ ನಡುಭಾಗಕ್ಕೆ ಮರದ ಪಟ್ಟಿ ಜೋಡಿಸಿ, ಅದರ ಮೇಲೆ ಮೇಣಗಟ್ಟಿದ ಬಟ್ಟೆ ಬಿಗಿಯುತ್ತಿದ್ದರು. ಅಗಲ ತಗಡಿನ ಗಿರಣಿಗಳು ಬಂದ ಮೇಲೆ ಜನರಲ್ ಮೋಟಾರ್ಸ್ ಸಂಸ್ಥೆ 1935ರ ಮಾದರಿಗಳಲ್ಲಿ ಒಂದೇ ತಗಡಿನ ಚಾವಣಿ ತಂದಿತು. ಅಲ್ಲಿಂದ ಚಾವಣಿಯ ಪಾತ್ರ ಬದಲಾಯಿತು. ಬದಿಯ ಕಂಬಗಳು, ಬಾಗಿಲ ಕೆಳಗಿನ ಪಟ್ಟಿಗಳು, ನೆಲ, ಚಾವಣಿ ಇವೆಲ್ಲ ಬೆಸೆದುಕೊಂಡು ಒಂದು ಉಕ್ಕಿನ ಪೆಟ್ಟಿಗೆಯಾದವು. ಮುಂದೆ ಪ್ರತ್ಯೇಕ ಚಾಸಿಯನ್ನೇ ಬಿಟ್ಟು, ಈ ಪೆಟ್ಟಿಗೆಯೇ ಎಲ್ಲ ಭಾರ ಹೊರುವ ವಿನ್ಯಾಸ ಕಾರುಗಳಲ್ಲಿ ಸಾಮಾನ್ಯವಾಯಿತು. ಮಳೆ ತಡೆಯಲೆಂದು ಬಂದ ಚಾವಣಿ ಹೀಗೆ ಕಾರನ್ನೇ ಹಿಡಿದು ನಿಲ್ಲಿಸುವ ಭಾಗವಾಯಿತು.

ಬೋಲ್ಟು ಬಿಚ್ಚಿದರೆ ಕಳಚುವ ಹೆರಾಲ್ಡ್

ನಮ್ಮ ದೇಶದ ರಸ್ತೆಗಳಲ್ಲಿಯೂ ಚಾವಣಿ ಕಳಚಬಹುದಾದ ಒಂದು ಕಾರಿತ್ತು ಎಂಬುದು ಹಲವರಿಗೆ ಹೊಸ ಸಂಗತಿಯಾಗಿರಬಹುದು. ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ 1971ರವರೆಗೆ ಇದನ್ನು ತಯಾರಿಸಿತು. ಅಂಬಾಸಿಡರ್, ಫಿಯೆಟ್‌ಗಳ ಜೊತೆಗೆ ಆ ಕಾಲದ ಭಾರತೀಯ ಕೊಳ್ಳುಗರಿಗಿದ್ದ ಮೂರನೆಯ ಆಯ್ಕೆ ಇದು.

ಹೆರಾಲ್ಡ್‌ನ ಮೂಲ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್. ವಿನ್ಯಾಸಕಾರ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿ ಬೆಸೆದುಕೊಡುವ ಕಾರ್ಖಾನೆ ಆಗ ಆ ಸಂಸ್ಥೆಯ ಕೈಯಲ್ಲಿರಲಿಲ್ಲ. ಹೀಗಾಗಿ ಪ್ರತ್ಯೇಕ ಉಕ್ಕಿನ ಚಾಸಿಯ ಮೇಲೆ ಬಾಡಿಯ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುವ ಹಳೆಯ ಕ್ರಮಕ್ಕೇ ಅವರು ಮರಳಿದರು. ಚಾವಣಿಯೂ ಅಂತಹ ಒಂದು ತುಂಡು. ಬೋಲ್ಟುಗಳನ್ನು ಬಿಚ್ಚಿದರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದಿತ್ತು. ಇದೇ ಅನುಕೂಲದಿಂದ ಅದೇ ಕಾರಿಗೆ ಬಟ್ಟೆಯ ಹುಡ್ ಹಾಕಿದ ತೆರೆದ ಮಾದರಿಯೂ ಸುಲಭವಾಗಿ ಸಾಧ್ಯವಾಯಿತು.

ಚಾವಣಿ ತೆಗೆದರೂ ಹೆರಾಲ್ಡ್ ಓಡುತ್ತಿದ್ದುದು ಅದರ ಚಾಸಿಯ ಬಲದಿಂದ. ಬಾಡಿ ಬಹುಮಟ್ಟಿಗೆ ಹೊದಿಕೆ ಮಾತ್ರ. ಆದರೆ ಜೋಡಣೆಯ ಗೆರೆಗಳಲ್ಲಿ ನೀರು ಒಳಬರುತ್ತದೆಂಬ ದೂರು ಹೆರಾಲ್ಡ್‌ಗೆ ಅಂಟಿಕೊಂಡಿತು. ಚಾಸಿ ಅಲುಗಿದಾಗ ಮೇಲಿನ ತುಂಡುಗಳು ತುಸುವಾದರೂ ಅಲುಗುತ್ತವೆ. ಅಲುಗುವ ಸಂದಿಗೆ ರಬ್ಬರು ಎಷ್ಟೇ ತುರುಕಿದರೂ ಅದು ಸಂದಿಯೇ. ಮುಂದಿನ ಮೂವತ್ತು ವರ್ಷಗಳ ಕಥೆಯೆಲ್ಲ ಈ ಒಂದು ಕಾರಿನಲ್ಲೇ ಅಡಗಿತ್ತು ಎನ್ನಬಹುದು.

ಟಾರ್ಗಾ ಮತ್ತು ಟಿ-ಟಾಪ್

1961ರಲ್ಲಿ ಇದೇ ಮಿಕೆಲೊಟ್ಟಿ ವಿನ್ಯಾಸದ ಟ್ರಯಂಫ್ ಟಿಆರ್4 ಕಾರಿನಲ್ಲಿ ಹಿಂದಿನ ಗಾಜು ಮತ್ತು ಅದರ ಚೌಕಟ್ಟು ಸ್ಥಿರವಾಗಿದ್ದು, ನಡುವಿನ ಚಾವಣಿ ಮಾತ್ರ ತೆಗೆಯಬಹುದಾದ ಏರ್ಪಾಡು ಬಂತು. ಈ ಬಗೆಗೆ ಹೆಸರು ತಂದುಕೊಟ್ಟದ್ದು ಪೋರ್ಷೆ. 1965ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ತನ್ನ 911 ಕಾರಿನ ಟಾರ್ಗಾ ಮಾದರಿಯನ್ನು ತೋರಿಸಿತು. ಸಿಸಿಲಿಯ ಟಾರ್ಗಾ ಫ್ಲೋರಿಯೊ ಎಂಬ ಓಟದ ಸ್ಪರ್ಧೆಯಿಂದ ಬಂದ ಹೆಸರಿದು. ಕೂರುವವರ ಹಿಂದೆ ಸ್ಟೀಲಿನ ಅಗಲವಾದ ಕಮಾನು, ಅದರಿಂದ ಮುಂದಿನ ಗಾಜಿನವರೆಗೆ ತೆಗೆಯಬಹುದಾದ ಚಾವಣಿ. ಕಾರು ಮಗುಚಿದರೆ ತಲೆಗೆ ರಕ್ಷಣೆ ಕೊಡುವುದು ಆ ಕಮಾನಿನ ಕೆಲಸ. ಅಮೆರಿಕ ತೆರೆದ ಕಾರುಗಳನ್ನೇ ನಿಷೇಧಿಸಬಹುದೆಂಬ ಭಯ ಆಗ ತಯಾರಕರಲ್ಲಿತ್ತು. ಆ ಭಯಕ್ಕೆ ಕಂಡುಕೊಂಡ ಉತ್ತರ ಟಾರ್ಗಾ.

ಅಮೆರಿಕದಲ್ಲಿ ಈ ಕಲ್ಪನೆ ಇನ್ನೊಂದು ರೂಪ ತಳೆಯಿತು. ಗಾರ್ಡನ್ ಬ್ಯೂರಿಗ್ ಎಂಬ ವಿನ್ಯಾಸಕಾರ 1948ರಲ್ಲಿ ರೂಪಿಸಿದ ಒಂದು ಮಾದರಿ ಕಾರಿನಲ್ಲಿ ಚಾವಣಿಯ ನಡುವೆ ಉದ್ದಕ್ಕೆ ಒಂದು ಪಟ್ಟಿ ಉಳಿಸಿ, ಎಡಬಲದ ಎರಡು ತುಂಡುಗಳು ಮಾತ್ರ ತೆಗೆಯುವಂತೆ ಮಾಡಿದ್ದ. 1951ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮೇಲಿನಿಂದ ನೋಡಿದರೆ ಪಟ್ಟಿಯ ಆಕಾರ ಇಂಗ್ಲಿಷ್ ಅಕ್ಷರ ಟಿಯಂತೆ ಕಾಣುವುದರಿಂದ ಟಿ-ಟಾಪ್ ಎಂಬ ಹೆಸರು. 1968ರ ಶೆವರ್ಲೆ ಕಾರ್ವೆಟ್ ಮೂಲಕ ಅದು ಮಾರುಕಟ್ಟೆಗೆ ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರ್ವೆಟ್ ತಂತ್ರಜ್ಞರ ಮೊದಲ ಯೋಜನೆಯಲ್ಲಿ ಆ ನಡುಪಟ್ಟಿ ಇರಲಿಲ್ಲ. ಪೋರ್ಷೆಯಂತೆ ಇಡೀ ಚಾವಣಿ ತೆಗೆಯುವ ಉದ್ದೇಶವಿತ್ತು. ಆದರೆ ಪರೀಕ್ಷೆಯಲ್ಲಿ ಬಾಡಿ ತಿರುಚಿಕೊಳ್ಳತೊಡಗಿತು. ಈ ಕಾರಿಗೆ ಪ್ರತ್ಯೇಕ ಉಕ್ಕಿನ ಚಾಸಿ ಇದ್ದರೂ ಅದೊಂದೇ ಸಾಲಲಿಲ್ಲ. ಮುಂದಿನ ಗಾಜಿನ ಚೌಕಟ್ಟನ್ನೂ ಹಿಂದಿನ ಕಮಾನನ್ನೂ ಹಿಡಿದಿಡಲು ನಡುವೆ ಒಂದು ತೊಲೆ ಬೇಕಾಯಿತು. ಅಂದರೆ ಟಿ-ಟಾಪ್ ಕಾರ್ವೆಟ್‌ಗೆ ಬಂದದ್ದು ಅಂದಕ್ಕಾಗಿ ಅಲ್ಲ, ಅನಿವಾರ್ಯವಾಗಿ.

1976ರಲ್ಲಿ ಪಾಂಟಿಯಾಕ್ ಫೈರ್‌ಬರ್ಡ್ ಕಾರಿಗೂ ಟಿ-ಟಾಪ್ ಬಂತು. ಮರುವರ್ಷದ ಒಂದು ಜನಪ್ರಿಯ ಹಾಲಿವುಡ್ ಚಿತ್ರದಲ್ಲಿ ಆ ಕಾರು ಕಾಣಿಸಿಕೊಂಡ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಹೊರಗಿನ ಸಂಸ್ಥೆಯೊಂದು ಮಾಡಿಕೊಟ್ಟಿದ್ದ ಆ ಚಾವಣಿ ತುಂಡುಗಳು ಸೋರುವುದಕ್ಕೇ ಹೆಸರಾದವು. 1978ರಲ್ಲಿ ಜನರಲ್ ಮೋಟಾರ್ಸ್ ತನ್ನದೇ ವಿನ್ಯಾಸವನ್ನು ತರಬೇಕಾಯಿತು. 1980ರ ದಶಕದಲ್ಲಿ ಡಾಟ್ಸನ್, ಟೊಯೋಟಾ ಕಾರುಗಳಲ್ಲೂ ಟಿ-ಟಾಪ್ ಕಾಣಿಸಿಕೊಂಡಿತು.

ಮಾಡಿ ನೋಡಿ

ಚಾವಣಿ ತೆಗೆದರೆ ಕಾರು ತಿರುಚಿಕೊಳ್ಳುವುದೇಕೆ? ತರಗತಿಯಲ್ಲೇ ಇದನ್ನು ತೋರಿಸಬಹುದು. ಒಂದು ದಪ್ಪ ಡ್ರಾಯಿಂಗ್ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚುಗಳನ್ನು ಉದ್ದಕ್ಕೂ ಗೋಂದು ಹಾಕಿ ಅಂಟಿಸಿ. ಒಣಗಿದ ಮೇಲೆ ಎರಡೂ ತುದಿ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಅದು ಸುಲಭವಾಗಿ ಜಗ್ಗುವುದಿಲ್ಲ. ಈಗ ಕೊಳವೆಯನ್ನು ಉದ್ದಕ್ಕೂ ಬ್ಲೇಡಿನಿಂದ ಸೀಳಿ ಮತ್ತೆ ತಿರುಚಿ. ಅಂಚುಗಳು ಒಂದರ ಪಕ್ಕ ಒಂದು ಜಾರಿ, ಕೊಳವೆ ಸಲೀಸಾಗಿ ತಿರುಗುತ್ತದೆ. ಹಾಳೆ ಅದೇ, ತೂಕ ಅದೇ. ಒಂದೇ ಒಂದು ಸೀಳು ಇಷ್ಟು ವ್ಯತ್ಯಾಸ ಮಾಡಿತು.

ಇದನ್ನು ಲೆಕ್ಕ ಹಾಕಲೂ ಬರುತ್ತದೆ. ತೆಳು ಗೋಡೆಯ ಉರುಟು ಕೊಳವೆಯ ತ್ರಿಜ್ಯವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗ ತೆಗೆದು, 3ರಿಂದ ಗುಣಿಸಿ. ಮುಚ್ಚಿದ ಕೊಳವೆ ಸೀಳಿದ ಕೊಳವೆಗಿಂತ ತಿರುಚುವಿಕೆಯನ್ನು ಅಷ್ಟು ಪಟ್ಟು ಹೆಚ್ಚು ಎದುರಿಸುತ್ತದೆ. ತ್ರಿಜ್ಯ 20 ಮಿಲಿಮೀಟರ್, ದಪ್ಪ 1 ಮಿಲಿಮೀಟರ್ ಆದರೆ ಉತ್ತರ 1200 ಪಟ್ಟು. ಕಾರು ಇಷ್ಟು ಸರಳವಾದ ಕೊಳವೆಯಲ್ಲ. ಅದಕ್ಕೆ ಬಾಗಿಲು, ಕಿಟಕಿಗಳ ರಂಧ್ರಗಳೂ ಇವೆ, ನೆಲದ ಪಟ್ಟಿಗಳ ಬಲವೂ ಇದೆ. ಹಾಗಾಗಿ ವ್ಯತ್ಯಾಸ ಇಷ್ಟು ದೊಡ್ಡದಲ್ಲ. ಆದರೆ ತತ್ವ ಇದೇ.

ತೆಂಗಿನಗುಂಡಿಯ ದಕ್ಕೆಯಲ್ಲೂ ಈ ತತ್ವವನ್ನು ಕಾಣಬಹುದು. ಚಿಕ್ಕ ತೆರೆದ ದೋಣಿಯ ಬದಿಗಳು ಅಗಲವಾಗದಂತೆ ಅಡ್ಡ ಹಲಗೆಗಳು ಹಿಡಿದಿರುತ್ತವೆ. ದೊಡ್ಡ ಟ್ರಾಲ್ ಬೋಟಿಗೆ ಮೇಲೆ ಡೆಕ್ ಹಾಸಿರುತ್ತದೆ. ಡೆಕ್ ಇರುವುದು ಮೀನುಗಾರರು ನಿಂತು ಕೆಲಸ ಮಾಡಲು ಮಾತ್ರವಲ್ಲ. ತೆರೆದ ಹೊಟ್ಟೆಯನ್ನು ಮುಚ್ಚಿ ಅದನ್ನು ಪೆಟ್ಟಿಗೆಯನ್ನಾಗಿ ಮಾಡಿ, ಅಲೆಯ ತಿರುಚುವಿಕೆಯನ್ನು ಎದುರಿಸುವ ಬಲ ಕೊಡುವುದೂ ಅದೇ.

ನೀರು, ಗಾಳಿ, ರಬ್ಬರು

ಈಗ ಸೋರಿಕೆಯ ಪ್ರಶ್ನೆಗೆ ಬರೋಣ. ಟಿ-ಟಾಪ್‌ನ ಒಂದು ತುಂಡು 70 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಇದೆಯೆಂದು ಇಟ್ಟುಕೊಳ್ಳೋಣ. ಅದರ ಸುತ್ತಳತೆ 2.6 ಮೀಟರ್. ಎರಡು ತುಂಡುಗಳಿಗೆ 5.2 ಮೀಟರ್ ಸಂದಿ. ಒಟ್ಟು ವಿಸ್ತೀರ್ಣ 0.84 ಚದರ ಮೀಟರ್. ಗಂಟೆಗೆ 40 ಮಿಲಿಮೀಟರ್ ಮಳೆ ಸುರಿದರೆ ಆ ತುಂಡುಗಳ ಮೇಲೆ ಬೀಳುವ ನೀರೇ ಗಂಟೆಗೆ ಸುಮಾರು 34 ಲೀಟರ್. ಅದೆಲ್ಲ ಈ ಸಂದಿಯನ್ನು ದಾಟಿಯೇ ಹರಿದುಹೋಗಬೇಕು. ನೂರರಲ್ಲಿ ಒಂದು ಪಾಲು ಒಳಬಂದರೂ ಗಂಟೆಗೆ ಒಂದು ಲೋಟಕ್ಕಿಂತ ಹೆಚ್ಚು ನೀರು ಕೂತವರ ಹೆಗಲ ಮೇಲೆ ಬೀಳುತ್ತದೆ. ಇಂತಹ ಮಳೆ ಕರಾವಳಿಗೆ ಅಪರೂಪವಲ್ಲ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ 24 ಗಂಟೆಗಳಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದುದನ್ನು ನೆನೆಯಬಹುದು.

ಸಂದಿಯನ್ನು ಮುಚ್ಚುವುದು ರಬ್ಬರಿನ ಪಟ್ಟಿ. ಒತ್ತಿದಾಗ ಚಪ್ಪಟೆಯಾಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುವ ಗುಣವೇ ಅದರ ಬಂಡವಾಳ. ಬಿಸಿಲು, ಓಝೋನ್ ತಗಲಿ ನೈಸರ್ಗಿಕ ರಬ್ಬರು ಬಿರುಕು ಬಿಡುತ್ತದೆ. 1960ರ ದಶಕದಲ್ಲಿ ಬಂದ ಇಪಿಡಿಎಂ ಎಂಬ ಕೃತಕ ರಬ್ಬರು ಇವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಒತ್ತಿಹಿಡಿದರೆ ಅದೂ ಸ್ವಲ್ಪ ಸ್ವಲ್ಪವಾಗಿ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಸಾಲದ್ದಕ್ಕೆ ಪ್ರತಿ ಹಳ್ಳ ದಿಣ್ಣೆಗೂ ಬಾಡಿ ತುಸು ತಿರುಚುತ್ತದೆ. ಆಗ ಚಾವಣಿಯ ರಂಧ್ರ ಆಯತದಿಂದ ಓರೆ ಆಯತವಾಗುತ್ತದೆ. ಅದರಲ್ಲಿ ಕೂತ ಗಾಜಿನ ಫಲಕ ಮಾತ್ರ ಬಾಗುವುದಿಲ್ಲ. ಒಂದು ಮೂಲೆಯಲ್ಲಿ ರಬ್ಬರು ಜಜ್ಜಿದರೆ ಎದುರು ಮೂಲೆಯಲ್ಲಿ ಬಾಯಿ ಬಿಡುತ್ತದೆ.

ವೇಗವೂ ಸೇರಿಕೊಳ್ಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಳಿಯ ಚಲನ ಒತ್ತಡ ಸುಮಾರು 460 ಪಾಸ್ಕಲ್. ನೆತ್ತಿಯ ಮೇಲೆ ಗಾಳಿ ವೇಗವಾಗಿ ಹರಿಯುವುದರಿಂದ ಅಲ್ಲಿ ಒತ್ತಡ ಕಡಿಮೆ, ಕಾರಿನೊಳಗೆ ಹೆಚ್ಚು. ಈ ವ್ಯತ್ಯಾಸ 460 ಪಾಸ್ಕಲ್‌ನ ಅರ್ಧದಷ್ಟೇ ಎಂದುಕೊಂಡರೂ ಒಂದು ತುಂಡನ್ನು ಸುಮಾರು 97 ನ್ಯೂಟನ್ ಬಲ ಮೇಲಕ್ಕೆತ್ತುತ್ತದೆ. ಅದು ಹತ್ತು ಕಿಲೋಗ್ರಾಂ ತೂಕದ ವಸ್ತುವನ್ನು ಎತ್ತಲು ಬೇಕಾದಷ್ಟು ಬಲ. ಚಿಲಕ ಸಡಿಲವಾದರೆ ಸಿಳ್ಳೆಯ ಸದ್ದು ಖಚಿತ.

ಹಾಗಾದರೆ ಹಳೆಯ ಜೀಪಿನ ಟಾರ್ಪಾಲಿನ್ ಹುಡ್, ಆಟೋರಿಕ್ಷಾದ ರೆಕ್ಸಿನ್ ಹುಡ್ ಇಷ್ಟು ವರ್ಷ ಬಾಳಿದ್ದು ಹೇಗೆ? ಬಟ್ಟೆ ತಾನೂ ಬಾಗುತ್ತದೆ. ಚೌಕಟ್ಟು ಓರೆಯಾದರೆ ಅದೂ ಓರೆಯಾಗುತ್ತದೆ. ಪೂರ್ತಿ ಬೆಸೆದ ಗಟ್ಟಿ ಚಾವಣಿ ಚೌಕಟ್ಟು ಓರೆಯಾಗಲು ಬಿಡುವುದೇ ಇಲ್ಲ. ಕಳಚಿಡುವ ಗಟ್ಟಿ ಫಲಕ ಇವೆರಡರ ನಡುವೆ ಸಿಕ್ಕಿಬಿದ್ದಿತು. ಅಲುಗುವ ರಂಧ್ರದೊಳಗೆ ಅಲುಗದ ಮುಚ್ಚಳ. ಇದೇ ಅದರ ಮೂಲ ದೋಷ.

ತೂಕ, ಕಾನೂನು ಮತ್ತು ಗಾಳಿಚೀಲ

ದೋಷ ಸರಿಪಡಿಸಲು ದಾರಿಯಿಲ್ಲದೆ ಇರಲಿಲ್ಲ. ಚಾವಣಿ ಕಳೆದುಕೊಂಡ ಬಲವನ್ನು ಕೆಳಗೆ ತುಂಬಿಕೊಡಬೇಕು. 1984ರ ಕಾರ್ವೆಟ್‌ನಲ್ಲಿ ನಡುಪಟ್ಟಿ ತೆಗೆದು ಒಂದೇ ಫಲಕ ಇಟ್ಟಾಗ, ಬಾಗಿಲ ಕೆಳಗಿನ ಪಟ್ಟಿಗಳನ್ನು ಬಹಳ ಎತ್ತರ ಮಾಡಬೇಕಾಯಿತು. ಹತ್ತಿ ಇಳಿಯುವುದೇ ಕಷ್ಟವಾಯಿತು. ಹೀಗೆ ಸೇರಿಸುವ ಉಕ್ಕಿಗೆ ತೂಕವಿದೆ, ತೂಕಕ್ಕೆ ಇಂಧನದ ಖರ್ಚಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಆ ಲೆಕ್ಕವನ್ನು ಯಾರೂ ಮರೆಯುವಂತಿರಲಿಲ್ಲ.

ಅದೇ 1973ರಲ್ಲಿ ಅಮೆರಿಕದಲ್ಲಿ ಚಾವಣಿಯ ಬಲದ ನಿಯಮ ಜಾರಿಗೆ ಬಂತು. ಚಾವಣಿಯ ಅಂಚು ವಾಹನದ ತೂಕದ ಒಂದೂವರೆ ಪಟ್ಟು ಭಾರ ತಾಳಬೇಕಿತ್ತು. ಪೂರ್ತಿ ತೆರೆದ ಕಾರುಗಳಿಗೆ ವಿನಾಯಿತಿ ಸಿಕ್ಕಿತು. 2009ರಲ್ಲಿ ನಿಯಮ ಪರಿಷ್ಕರಿಸಿ, ಸಾಮಾನ್ಯ ಕಾರುಗಳಿಗೆ ಅದನ್ನು ಮೂರು ಪಟ್ಟಿಗೆ ಏರಿಸಿದರು. 2012ರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ ಇದು ಜಾರಿಯಾಯಿತು. ಇದರ ಜೊತೆಗೆ ಪಕ್ಕದ ಡಿಕ್ಕಿಯಲ್ಲಿ ತಲೆ ಕಾಯುವ ಪರದೆಯಂತಹ ಗಾಳಿಚೀಲಗಳು ಬಂದವು. ಅವು ಮಡಚಿ ಕೂರುವುದು ಚಾವಣಿಯ ಬದಿಯ ತೊಲೆಯೊಳಗೆ. ಟಾರ್ಗಾದಲ್ಲಿ ಆ ತೊಲೆಯೇ ಇರುವುದಿಲ್ಲ.

ಕೊಳ್ಳುವವರ ಮನಸ್ಸೂ ಬದಲಾಯಿತು. ಎ.ಸಿ. ಎಲ್ಲ ಕಾರುಗಳಿಗೆ ಬಂದ ಮೇಲೆ ಸೆಕೆಗೆ ಚಾವಣಿ ತೆಗೆಯುವ ಅಗತ್ಯ ಉಳಿಯಲಿಲ್ಲ. ತೆಗೆದ ಫಲಕಗಳನ್ನು ಇಟ್ಟರೆ ಡಿಕ್ಕಿ ತುಂಬುತ್ತಿತ್ತು. ಅವನ್ನು ಕದಿಯುವವರೂ ಇದ್ದರು. ಗುಂಡಿ ಒತ್ತಿದರೆ ಸರಿಯುವ ಗಾಜಿನ ಸನ್‌ರೂಫ್ ಬೆಳಕನ್ನೂ ಗಾಳಿಯನ್ನೂ ಕೊಟ್ಟಿತು, ಬದಿಯ ತೊಲೆಗಳನ್ನು ಮುಟ್ಟಲಿಲ್ಲ. ಅದರ ಸುತ್ತ ನೀರು ಹಿಡಿಯುವ ಕಾಲುವೆ, ನೀರನ್ನು ಕೆಳಕ್ಕೆ ಸಾಗಿಸುವ ಕೊಳವೆಗಳು ಇರುತ್ತವೆ. ಅಂದರೆ ಸ್ವಲ್ಪ ನೀರು ಬಂದೇ ಬರುತ್ತದೆಂದು ಒಪ್ಪಿಕೊಂಡು ಮಾಡಿದ ವಿನ್ಯಾಸ ಅದು. ಪೂರ್ತಿ ಆಕಾಶ ಬೇಕೆನ್ನುವವರಿಗೆ ಮರ್ಸಿಡಿಸ್ ಎಸ್‌ಎಲ್‌ಕೆ 1996ರಲ್ಲಿ ತಾನಾಗಿ ಮಡಚಿಕೊಳ್ಳುವ ಗಟ್ಟಿ ಚಾವಣಿ ತಂದಿತು. ಪೋರ್ಷೆ ಕೂಡ 1996ರ ಮಾದರಿಯಲ್ಲಿ ಕಳಚುವ ಫಲಕ ಬಿಟ್ಟು ಸರಿಯುವ ಗಾಜಿಗೆ ಬಂತು. 2002ರಲ್ಲಿ ಕಮಾರೋ ಮತ್ತು ಫೈರ್‌ಬರ್ಡ್ ತಯಾರಿಕೆ ನಿಂತಾಗ ಟಿ-ಟಾಪ್ ಯುಗ ಮುಗಿಯಿತು.

ಉಳಿದವು ಯಾವುವು?

ಆದರೂ ಕೆಲವು ಉಳಿದಿವೆ. 1997ರ ಕಾರ್ವೆಟ್‌ನಲ್ಲಿ ಎರಡೂ ಬದಿಗೆ ದಪ್ಪ ಉಕ್ಕಿನ ಕೊಳವೆಗಳನ್ನು ಕೊಟ್ಟು, ನಡುವಿನ ಸುರಂಗದ ಕೆಳಭಾಗವನ್ನೂ ಫಲಕ ಹಾಕಿ ಮುಚ್ಚಿದರು. ಸೀಳಿದ ಕೊಳವೆಯನ್ನು ಮುಚ್ಚಿದ ಕೊಳವೆ ಮಾಡಿದರು ಎಂದರೆ ನಮ್ಮ ಹಾಳೆಯ ಪ್ರಯೋಗ ನೆನಪಾದೀತು. 2020ರ ಮಾದರಿಯಲ್ಲೂ ಕಳಚುವ ಫಲಕ ಇದೆ. ಜೀಪ್ ರ‍್ಯಾಂಗ್ಲರ್, ಫೋರ್ಡ್ ಬ್ರಾಂಕೊಗಳು ಪ್ರತ್ಯೇಕ ಚಾಸಿಯ ಮೇಲೆ ಕೂತ ವಾಹನಗಳು. ಮೊದಲಿನಿಂದಲೇ ಚಾವಣಿಯನ್ನು ನಂಬದೆ ಬಲವನ್ನು ಬೇರೆ ಕಡೆ ಇಟ್ಟ ವಾಹನಗಳಷ್ಟೇ ಬಾಳಿದವು. ಬಲದ ಪ್ರಶ್ನೆ ಬಗೆಹರಿದರೂ ಮಳೆಯ ಪ್ರಶ್ನೆ ಬಿಡುವುದಿಲ್ಲ. ಅತಿಯಾದ ನೀರು ಮತ್ತು ಆರ್ದ್ರತೆಗೆ ಒಡ್ಡಿದಾಗ ಹೊರಮೈ ಕೆಡುತ್ತದೆಂದು, ಅದುವರೆಗೆ ತಯಾರಿಸಿದ ಬ್ರಾಂಕೊ ಗಟ್ಟಿ ಚಾವಣಿಗಳನ್ನು ಬದಲಿಸಿಕೊಡುವುದಾಗಿ ಫೋರ್ಡ್ 2021ರ ಆಗಸ್ಟ್‌ನಲ್ಲಿ ಪ್ರಕಟಿಸಬೇಕಾಯಿತು.

ಭಾರತದ ಅನುಭವವೂ ಇದಕ್ಕೆ ಹೊಂದುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಬಟ್ಟೆಯ ಹುಡ್ ಮತ್ತು ಗಟ್ಟಿ ಚಾವಣಿ ಎರಡೂ ಬಗೆಗಳಲ್ಲಿ ದಶಕಗಳ ಕಾಲ ಓಡಿತು. ಅದಕ್ಕೆ ಪ್ರತ್ಯೇಕ ಚಾಸಿ ಇತ್ತು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಅಂಗಸಂಸ್ಥೆ 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಬಾಡಿಯ ತೆರೆದ ಕಾರು ತಯಾರಿಸಿತಾದರೂ ಅದು ಹೆಚ್ಚು ಮಾರಾಟವಾಗಲಿಲ್ಲ. 2020ರ ಮಹೀಂದ್ರ ಥಾರ್ ಬಟ್ಟೆಯ ಹುಡ್ ಮತ್ತು ಗಟ್ಟಿ ಚಾವಣಿ ಎರಡರಲ್ಲೂ ಬಂತು. 2024ರ ಐದು ಬಾಗಿಲಿನ ಥಾರ್ ರಾಕ್ಸ್ ಬಂದದ್ದು ಗಟ್ಟಿ ಚಾವಣಿಯಲ್ಲಿ ಮಾತ್ರ, ಮೇಲೆ ಸನ್‌ರೂಫ್.

ಸನ್‌ರೂಫ್ ಇಂದು ನಮ್ಮಲ್ಲಿ ದೊಡ್ಡ ಆಕರ್ಷಣೆ. ಮಕ್ಕಳು ಅದರಿಂದ ತಲೆ ಹೊರಹಾಕಿ ನಿಲ್ಲುವುದನ್ನು ಹೆದ್ದಾರಿಯಲ್ಲಿ ದಿನವೂ ಕಾಣುತ್ತೇವೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೀಗೆ ನಿಂತಿದ್ದ ಬಾಲಕನೊಬ್ಬನ ತಲೆ ರಸ್ತೆಗೆ ಅಡ್ಡವಾಗಿ ಹಾಕಿದ್ದ ಎತ್ತರ ತಡೆಯ ಕಂಬಿಗೆ ಬಡಿಯಿತು. ಆರು ದಶಕಗಳ ಇತಿಹಾಸದಲ್ಲಿ ತಂತ್ರಜ್ಞರು ತೂಕ, ಹಣ, ಅಂದ ಎಲ್ಲವನ್ನೂ ಬಿಟ್ಟುಕೊಟ್ಟು ಕಾಪಾಡಿಕೊಂಡದ್ದು ಒಂದನ್ನು: ಕೂತವರ ತಲೆಯ ಮೇಲೆ ಗಟ್ಟಿಯಾದದ್ದೊಂದು ಇರಬೇಕು ಎಂಬುದನ್ನು. ತಲೆಯನ್ನೇ ಹೊರಗಿಟ್ಟರೆ ಆ ಕಮಾನು, ತೊಲೆ, ಗಾಳಿಚೀಲ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಹಾಳೆಯ ಕೊಳವೆಯ ಪ್ರಯೋಗ ತೋರಿಸುವ ಶಿಕ್ಷಕರು ಈ ಮಾತನ್ನೂ ಸೇರಿಸಿ ಹೇಳಲಿ.